ಗೇಟಿನ ಕಂಬದ ಮೇಲೆ ಇಂಟು ಗುರುತು, ಬಾಣ: ಕಳ್ಳರು ಹಾಕಿದ್ದಾ?

ಮೂಲೆಮನೆ (ಪ್ರಶ್ನೆ):
ಬೆಂಗಳೂರಿನ ಬಡಾವಣೆ, ಬಿಡಿ ಮನೆ. ಗೇಟಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ 4/37 ಅಂತ ಬರೆದಿದೆ. ಪಕ್ಕದಲ್ಲಿ ಬಲಕ್ಕೆ ಬಾಣ, ಕೆಳಗೆ ಒಂದು ಇಂಟು, ಅದರ ಕೆಳಗೆ ತಾರೀಖಿನಂಥ ಅಂಕಿ. ಮನೆಗೆ ಎರಡು ದಿನ ಬೀಗ ಹಾಕಿದ್ದಾಗ ಬಿದ್ದಿದ್ದು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ‘ಕಳ್ಳರ ಸಂಕೇತ’ ಅಂತ ಒಂದು ಪಟ್ಟಿ ಓಡಾಡ್ತಿದೆ: ಇಂಟು ಅಂದ್ರೆ ‘ನುಗ್ಗೋಕೆ ಒಳ್ಳೇ ಮನೆ’, ಐದು ಸೊನ್ನೆ ಅಂದ್ರೆ ‘ದುಡ್ಡಿರೋ ಮನೆ’. ಅಳಿಸಬೇಕಾ, ಠಾಣೆಗೆ ಹೇಳಬೇಕಾ? ಬಾಗಿಲು ಭದ್ರ ಮಾಡಿಸೋದಾದ್ರೆ ಎಲ್ಲಿಂದ ಶುರು ಮಾಡ್ಲಿ?

ಸುಣ್ಣದಕಡ್ಡಿ:
ಇದು ಪೋಲಿಯೋ ಗುರುತಿನ ಹಾಗಿದೆ. ಪಲ್ಸ್ ಪೋಲಿಯೋದಲ್ಲಿ ಭಾನುವಾರ ಬೂತ್, ಮಾರನೇ ದಿನದಿಂದ ಮನೆ ಮನೆ ಭೇಟಿ. ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಹನಿ ಬಿದ್ದಿದ್ರೆ, ಅಥವಾ ಆ ಮನೇಲಿ ಅಷ್ಟು ಚಿಕ್ಕ ಮಕ್ಕಳೇ ಇಲ್ಲದಿದ್ರೆ, ಇಂಗ್ಲಿಷಿನ ‘ಪಿ’ ಅಕ್ಷರ. ಬೀಗ ಹಾಕಿದ್ರೆ, ಮಗು ಊರಲ್ಲಿ ಇಲ್ಲದಿದ್ರೆ, ಮನೆಯವರು ಬೇಡ ಅಂದ್ರೆ ಇಂಟು. ಇಂಟು ಬಿದ್ದ ಮನೆಗೆ ಮತ್ತೆ ಬರ್ತಾರೆ. ಸಾಮಾನ್ಯವಾಗಿ ಮೊದಲ ಅಂಕಿ ತಂಡದ್ದು, ಎರಡನೇದು ಮನೆಯ ಸಂಖ್ಯೆ, ಬಾಣ ಅವರು ಮುಂದೆ ಹೋದ ದಿಕ್ಕು.

ಖಚಿತ ಮಾಡ್ಕೊಳ್ಳೋದು ಐದು ನಿಮಿಷದ ಕೆಲಸ. ಬಾಣದ ಕಡೆಗೆ ನಡೀರಿ. ಪಕ್ಕದ ಮನೆಗೆ 4/38, ಅದರಾಚೆಗೆ 4/39 ಇದ್ದು, ಹೆಚ್ಚಿನ ಕಡೆ ‘ಪಿ’ ಕಂಡ್ರೆ ಮುಗೀತು. ಕಳ್ಳ ಇಡೀ ರಸ್ತೆಗೆ ಕ್ರಮಸಂಖ್ಯೆ ಹಾಕ್ಕೊಂಡು ಹೋಗಲ್ಲ.

ಈ ಥರದವು ಬೇಕಾದಷ್ಟಿವೆ. 14(1), 14(2) ಅಂತ ಇದ್ರೆ ಜನಗಣತಿಯ ಮನೆಪಟ್ಟಿ: ಕಟ್ಟಡ 14, ಅದರಲ್ಲಿ ಒಂದನೇ ಮನೆ, ಎರಡನೇ ಮನೆ. ಮೀಟರ್ ಹತ್ತಿರ ಅಂಟಿಸಿದ ಚೀಟಿ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯದ್ದು. ವಿದ್ಯುತ್ ಮೀಟರ್ ಆಧಾರದ ಮೇಲೆ ಮನೆಗಳನ್ನ ಗುರುತಿಸಿದ್ರು, ಚೀಟಿ ಅಂಟಿಸಿದವರು ಮೀಟರ್ ರೀಡರ್‌ಗಳೇ. ಫುಟ್‌ಪಾತ್ ಮೇಲಿನ ಸ್ಪ್ರೇ ಬಾಣ ಹೆಚ್ಚಾಗಿ ಗ್ಯಾಸ್ ಪೈಪು, ಕೇಬಲಿಗೆ ಅಗೆಯೋರದ್ದು. ತೊಂಬತ್ತರ ದಶಕದಲ್ಲಿ ನಮ್ಮ ಗೋಡೆಗಳ ಮೇಲೆಲ್ಲ ‘ನಾಳೆ ಬಾ’ ಇತ್ತಲ್ಲ, ಹೊರಗಿನವರು ಅದಕ್ಕೆ ಏನು ಅರ್ಥ ಕಟ್ಟಿರಬಹುದೋ!

ಪೋಲಿಯೋ ಸುತ್ತು ಮುಗಿಯೋವರೆಗೆ ಅಳಿಸಬೇಡಿ, ಮೇಲ್ವಿಚಾರಕರು ಅದನ್ನೇ ನೋಡಿ ಲೆಕ್ಕ ತಾಳೆ ಹಾಕ್ತಾರೆ. ಆಮೇಲೆ ಒದ್ದೆ ಬಟ್ಟೆ ಸಾಕು.

ಕೊಂಡಿಚಿಲಕ:
ಮೇಲಿನದ್ದು ಸರಿ, ಆದ್ರೆ ಒಂದು ಮಾತು ಬಿಟ್ಟಿದ್ದೀರಿ. ಈ ಇಂಟು ‘ಇಂಥ ದಿನ ಇಲ್ಲಿ ಬೀಗ ಇತ್ತು’ ಅಂತ ದಾರಿಹೋಕರಿಗೆಲ್ಲ ಹೇಳ್ತದೆ. ಹಾಗಾಗಿ ಸುತ್ತು ಮುಗಿದ ದಿನವೇ ಒರೆಸಿ, ತಿಂಗಳುಗಟ್ಟಲೆ ಬಿಡಬೇಡಿ. ಅದಕ್ಕಿಂತ ದೊಡ್ಡ ಜಾಹೀರಾತು ಗೇಟಿನ ಹೊರಗೆ ನೇತಾಡೋ ಬೀಗ. ಗೇಟಿನ ಸಂದಿಯಿಂದ ಕೈ ಒಳಗೆ ಹಾಕಿ ಚೈನಿಗೆ ಒಳಮುಖವಾಗಿ ಬೀಗ ಹಾಕಿ. ರಂಗೋಲಿ ಇಲ್ಲದ ಹೊಸಿಲು, ಚೀಲದಲ್ಲಿ ಉಳಿದ ಹಾಲಿನ ಪ್ಯಾಕೆಟ್, ಗೇಟಿಗೆ ಸಿಕ್ಕಿಸಿದ ನಾಲ್ಕು ಪೇಪರ್, ಹಗಲೂ ಉರಿಯೋ ಪೋರ್ಟಿಕೋ ದೀಪ: ಇವೆಲ್ಲ ಸೀಮೆಸುಣ್ಣಕ್ಕಿಂತ ಚೆನ್ನಾಗಿ ಓದಿಸಿಕೊಳ್ತವೆ.

ದೀಪಕ್ಕೆ ಟೈಮರ್ ಹಾಕೋದಾದ್ರೆ ಮುಳ್ಳು ತಿರುಗೋ ಅಗ್ಗದ್ದು ಬೇಡ. ಕರೆಂಟ್ ಹೋದಾಗ ಅದೂ ನಿಲ್ತದೆ. ಎರಡು ತಾಸು ಕರೆಂಟ್ ಇಲ್ಲದಿದ್ರೆ ಆರೂವರೆಗೆ ಹತ್ತಬೇಕಾದ ದೀಪ ಎಂಟೂವರೆಗೆ ಹತ್ತುತ್ತೆ, ದಿನಾ ಹೀಗೇ ಆದ್ರೆ ಮೂರು ದಿನದಲ್ಲಿ ನಡುರಾತ್ರಿ ದಾಟುತ್ತೆ. ಒಳಗೆ ಬ್ಯಾಟರಿ ಇರೋ ಡಿಜಿಟಲ್ ತಗೊಳ್ಳಿ.

ಇನ್ನು ಬಾಗಿಲು. ಹಾರೆ ಹಾಕಿದ್ರೆ ಬೀಗ ಒಡೆಯೋದು ಕಮ್ಮಿ, ಕಿತ್ತು ಬರೋದು ಆಲ್ಡ್ರಾಪ್, ಅಂದ್ರೆ ಬೀಗ ಸಿಕ್ಕಿಸೋ ಉದ್ದ ಚಿಲಕ. ಯಾಕಂದ್ರೆ ಅದನ್ನ ಒಂದಿಂಚಿನ ಸ್ಕ್ರೂನಲ್ಲಿ ಕೂರಿಸಿರ್ತಾರೆ. ಸ್ಕ್ರೂ ತೆಗೆದು ಬಾಗಿಲಿನ ಆಚೆಗೆ ಹೋಗೋ ಬೋಲ್ಟ್ ಹಾಕಿಸಿ. ಬಾಗಿಲು 35 ಮಿ.ಮೀ. ದಪ್ಪ ಇದ್ರೆ 50 ಮಿ.ಮೀ. ಉದ್ದದ ಕ್ಯಾರೇಜ್ ಬೋಲ್ಟ್, ನಟ್ಟು ವಾಷರ್ ಒಳಗಡೆ. ಷಟ್ಕೋನದ ತಲೆಯದ್ದು ಹೊರಗಿದ್ರೆ ಸ್ಪ್ಯಾನರ್ ಹಿಡೀತದೆ, ಕ್ಯಾರೇಜ್ ಬೋಲ್ಟಿನ ಗುಂಡು ತಲೆಯನ್ನ ಹಿಡಿಯಲ್ಲ. ಇಲ್ಲಿ ಬಡಗಿಗಳು ಮಾಡೋ ತಪ್ಪು: ಕ್ಯಾರೇಜ್ ಬೋಲ್ಟಿನ ಕತ್ತು ಚೌಕ, ಆಲ್ಡ್ರಾಪ್ ಪಟ್ಟಿಯ ತೂತು ಗುಂಡಗೆ. ಹಾಗೇ ಬಿಗಿದ್ರೆ ಬೋಲ್ಟ್ ಸುಮ್ನೆ ತಿರುಗ್ತಾ ಇರ್ತದೆ, ತಲೆ ಪಟ್ಟಿಗೆ ಕೂರಲ್ಲ. ಅರದಲ್ಲಿ ತೂತನ್ನ ಚೌಕ ಮಾಡಿಸಿ. ಚೌಕಟ್ಟಿನ ಕಡೆಯ ಪಟ್ಟಿಗೆ ಎರಡೂವರೆ ಇಂಚಿನ ಸ್ಕ್ರೂ. ಗೆದ್ದಲು ತಿಂದ ಮರವಾದ್ರೆ ಎಷ್ಟು ಉದ್ದ ಹಾಕಿದ್ರೂ ವ್ಯರ್ಥ, ಮೊದಲು ಆ ತುಂಡು ಬದಲಿಸಿ.

ಹಳೇಕಡತ:
ಆ ವಾಟ್ಸಾಪ್ ಪಟ್ಟಿ ನಮ್ಮ ಊರಿನದಲ್ಲ. ಇಂಗ್ಲೆಂಡಿನಲ್ಲಿ ‘ದ ಪಿಂಚಿ ಕೋಡ್’ ಅನ್ನೋ ಹೆಸರಲ್ಲಿ ಓಡಾಡಿದ್ದು. ‘ಪಿಂಚ್’ ಅಂದ್ರೆ ಅಲ್ಲಿನ ಆಡುಮಾತಲ್ಲಿ ಎಗರಿಸೋದು. ಇದರ ಬೇರು ಜರ್ಮನ್ ಭಾಷೆಯ ಸೀಮೆಯಲ್ಲಿದೆ. ಅಲ್ಲಿ ಅಲೆಮಾರಿಗಳು, ಭಿಕ್ಷುಕರು, ಕಳ್ಳರು ಗೋಡೆ ಮೇಲೆ ಬಿಡುತ್ತಿದ್ದ ಗುರುತಿಗೆ ‘ಗೌನರ್‌ಜಿಂಕನ್’ ಅಂತಿದ್ರು. ಆಸ್ಟ್ರಿಯಾದ ಗ್ರಾಜ್‌ನ ತನಿಖಾ ನ್ಯಾಯಾಧೀಶ ಹಾನ್ಸ್ ಗ್ರೋಸ್ ಅವನ್ನ ಕೂಡಿಸಿಟ್ಟವರು. ತನಿಖಾಧಿಕಾರಿಗಳಿಗಾಗಿ ಅವರು 1893ರಲ್ಲಿ ತಂದ ಕೈಪಿಡಿಯ ಇಂಗ್ಲಿಷ್ ಅನುವಾದ 1906ರಲ್ಲಿ ಅಚ್ಚಾಗಿದ್ದು ಮದ್ರಾಸಿನಲ್ಲಿ, ಅನುವಾದಿಸಿದವರು ಅಲ್ಲಿನ ಸರ್ಕಾರಿ ವಕೀಲರು. ಅಂದ್ರೆ ಗುರುತುಗಳು ಹಿಂದೆ ಇದ್ದದ್ದು ನಿಜ. ಪ್ರತಿ ಚಿತ್ರಕ್ಕೂ ಎಲ್ಲ ಕಡೆ ಒಂದೇ ಅರ್ಥ ಅನ್ನೋ ನಿಘಂಟು ಮಾತ್ರ ಸುಳ್ಳು.

ಈಗಲೂ ನಿಜವಾಗಿ ಬಳಕೆಯಲ್ಲಿರೋದು ಚಿತ್ರವಲ್ಲ, ಬಾಗಿಲು ತೆಗೆದಿದ್ದಾರಾ ಇಲ್ವಾ ಅಂತ ಹೇಳೋ ಸಾಕ್ಷಿ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಪೊಲೀಸರು ಎಚ್ಚರಿಸಿರೋ ಉಪಾಯ: ಬಾಗಿಲಿಗೂ ಚೌಕಟ್ಟಿಗೂ ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಚೂರು ಸಿಕ್ಕಿಸೋದು, ಇಲ್ಲವೇ ಅಂಟಿನ ಸಣ್ಣ ಎಳೆ ಎಳೆಯೋದು. ಬಾಗಿಲು ತೆಗೆದ್ರೆ ಚೂರು ಬೀಳ್ತದೆ, ಎಳೆ ಹರಿಯುತ್ತೆ. ಕೆಲವು ದಿನ ಬಿಟ್ಟು ಬಂದು ನೋಡಿದಾಗ ಹಾಗೇ ಇದ್ರೆ ಮನೆ ಖಾಲಿ. ಕಬ್ಬಿಣದ ಗ್ರಿಲ್ ಬಾಗಿಲಿಗೆ ಸಿಕ್ಕಿಸಿದ ಪಾಂಪ್ಲೆಟ್ಟೂ ಅದೇ ಕೆಲಸ ಮಾಡಬಲ್ಲದು, ಹಾಕಿದವನು ಬರೀ ಟ್ಯೂಷನ್ ಜಾಹೀರಾತಿನವನೇ ಆಗಿದ್ರೂ.

ಬಾಗಿಲಿನ ಸಂದಿಯನ್ನ ಟಾರ್ಚ್ ಹಿಡಿದು ಓರೆಯಾಗಿ ನೋಡಿ, ನೇರ ಬೆಳಕಿಗೆ ಎಳೆ ಕಾಣಲ್ಲ. ಸಿಕ್ಕಿದ್ರೆ ಮೊದಲು ಫೋಟೋ, ಆಮೇಲೆ ಅಕ್ಕಪಕ್ಕದ ಮನೆಗಳ, ಅಪಾರ್ಟ್‌ಮೆಂಟಾದ್ರೆ ಅದೇ ಮಹಡಿಯ, ಉಳಿದ ಬಾಗಿಲುಗಳನ್ನೂ ನೋಡಿ. ನಿಮ್ಮದನ್ನ ಮಾತ್ರ ಕಿತ್ತು ಸುಮ್ಮನಾದ್ರೆ ಊರಿಗೆ ಹೋಗಿರೋ ಎದುರುಮನೆಯವರನ್ನ ತೋರಿಸಿಕೊಟ್ಟ ಹಾಗಾಗ್ತದೆ. ಇದನ್ನ ಠಾಣೆಗೆ ಖಂಡಿತ ತಿಳಿಸಿ, ಬೀಟ್‌ನವರಿಗೆ ಫೋಟೋ ತೋರಿಸಿ. ಯಾರಾದ್ರೂ ಬಾಗಿಲ ಹತ್ತಿರ ಇದ್ದಾರೆ ಅನ್ನಿಸಿದ್ರೆ ಮಾತ್ರ 112.

ಮೂಲೆಮನೆ:
ನೋಡ್ಕೊಂಡು ಬಂದೆ. ಬಲಗಡೆ 4/38 ‘ಪಿ’, 4/39 ‘ಪಿ’. ಆದ್ರೆ ಎಡಗಡೆ ಮನೆಗೆ ಏನೂ ಇಲ್ಲ, 4/36 ಇರಬೇಕಿತ್ತಲ್ಲ?

ಸುಣ್ಣದಕಡ್ಡಿ:
ನಿಮ್ಮದು ಮೂಲೆಮನೆ ಅಲ್ವಾ ಸರ್, ತಂಡ ಅಡ್ಡರಸ್ತೆಯಿಂದ ತಿರುಗಿ ಬಂದಿರ್ತದೆ. 36 ಆ ಕಡೆ ರಸ್ತೆಯ ಕೊನೇ ಮನೆಗೆ ಇರುತ್ತೆ ನೋಡಿ.

ಮೂಲೆಮನೆ:
ಹೌದು, ಅಲ್ಲೇ ಇದೆ, ನೀರಿನ ಮೀಟರ್ ಪಕ್ಕ. ಆಲ್ಡ್ರಾಪ್ ಕೂಡ ನೋಡಿದೆ. ಆರು ಸ್ಕ್ರೂ ಇರಬೇಕಾದಲ್ಲಿ ನಾಲ್ಕೇ ಇವೆ, ಒಂದು ಬೆರಳಲ್ಲೇ ತಿರುಗ್ತಿದೆ.