ಸಾಲ್ಸಾ ಆನ್-1: ಕ್ಲಾಸಲ್ಲಿ ಸರಿ ಬರುತ್ತೆ, ಮನೇಲಿ ಇಬ್ಬರೇ ಪ್ರಾಕ್ಟೀಸ್ ಮಾಡಿದ್ರೆ ಕೆಡುತ್ತೆ

ಎಡಗಾಲು_ಮೊದಲು (ಪ್ರಶ್ನೆ)

ಬೆಂಗಳೂರಲ್ಲಿ ನಾನೂ ನನ್ನ ಹೆಂಡತಿಯೂ ಸಾಲ್ಸಾ (ಜೋಡಿಯಾಗಿ ಮಾಡೋ ಲ್ಯಾಟಿನ್ ಡ್ಯಾನ್ಸ್) ಕ್ಲಾಸಿಗೆ ಹೋಗ್ತಿದ್ದೀವಿ. ಆನ್-1, ಅಂದರೆ ಎಂಟರ ಎಣಿಕೆಯ 1ಕ್ಕೆ ಮುಂದೆ ಅಥವಾ ಹಿಂದೆ ಹೆಜ್ಜೆ ಇಡೋ ಬಗೆ. ಬೇಸಿಕ್ (ಮುಂದೆ-ಹಿಂದೆ ಹೋಗೋ ಮೂಲ ಹೆಜ್ಜೆ), ರೈಟ್ ಟರ್ನ್ (ಅವಳು ಬಲಕ್ಕೆ ಒಂದು ಸುತ್ತು), ಕ್ರಾಸ್ ಬಾಡಿ ಲೀಡ್ (ಅವಳು ನನ್ನ ಮುಂದಿಂದ ಹಾದು ಆ ಕಡೆಗೆ ದಾಟೋದು) ಇಷ್ಟು ಆಗಿದೆ. ನಾನು ಲೀಡ್ (ಸೂಚನೆ ಕೊಡೋನು), ಅವಳು ಫಾಲೋ (ಅದರಂತೆ ಹೆಜ್ಜೆ ಹಾಕೋಳು). ಕ್ಲಾಸಲ್ಲಿ ಟೀಚರ್ ಎಣಿಸುವಾಗ ಎಲ್ಲಾ ಸರಿ. ಮನೆ ಹಾಲಲ್ಲಿ ಹಾಡು ಹಾಕಿದ್ರೆ ಮೂರು ತೊಂದರೆ:

ಹಾಡು ನಮ್ಮನ್ನ ಬಿಟ್ಟು ಮುಂದೆ ಓಡುತ್ತೆ, ಅಥವಾ ನಾವೇ ಹಾಡಿಗಿಂತ ಮುಂದೆ ಓಡ್ತೀವಿ. ರೈಟ್ ಟರ್ನ್ ಮುಗಿಸೋ ಹೊತ್ತಿಗೆ ಅವಳು ಒಂದು ಮಾರು ದೂರ ಇರ್ತಾಳೆ, ಮುಂದಿನ 1 ತಪ್ಪುತ್ತೆ. ಕ್ರಾಸ್ ಬಾಡಿಯಲ್ಲಿ ನಾನು ಲೀಡ್ ಕೊಡೋ ಮುಂಚೆಯೇ ಅವಳು ದಾಟಿಬಿಡ್ತಾಳೆ.

ಆಮೇಲೆ ಜಗಳ, ಅದು ಬೇರೆ ಲೆಕ್ಕ. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಸಿಗುತ್ತೆ. ಅದನ್ನ ಹೇಗೆ ಬಳಸಬೇಕು? ನೆಲ ವಿಟ್ರಿಫೈಡ್ ಟೈಲ್ಸ್.

ಕಾಂಗಾ_ಕಿವಿ

ನೀವು ಮೂರನ್ನೂ ಒಂದೇ ಸಲ ರಿಪೇರಿ ಮಾಡೋಕೆ ಹೊರಟಿದ್ದೀರಿ, ಅದಕ್ಕೇ ಆಗ್ತಿಲ್ಲ. ತಾಳ ಮತ್ತು ಮೈಭಾರ ಒಬ್ಬೊಬ್ಬರ ಸ್ವಂತ ಕೆಲಸ, ಕೈ ಹಿಡಿದು ಕಲಿಯೋದಲ್ಲ. ಕೈ ಹಿಡಿದ ಮೇಲೆ ಒಬ್ಬರ ತಪ್ಪು ಇನ್ನೊಬ್ಬರ ಮೈಯಲ್ಲಿ ಅಡಗಿಬಿಡುತ್ತೆ, ಯಾರದ್ದು ಅಂತ ಗೊತ್ತೇ ಆಗಲ್ಲ. ಮೊದಲ 10–15 ನಿಮಿಷ ಇಬ್ಬರೂ ಬಿಡಿಬಿಡಿಯಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ ಬೇಸಿಕ್ ಮಾಡಿ.

ಹೆಜ್ಜೆ 1-2-3, 5-6-7. 4 ಮತ್ತು 8ಕ್ಕೆ ಹೆಜ್ಜೆ ಇಲ್ಲ. ಹಾಡಿಗಿಂತ ಮುಂದೆ ಓಡೋರು ಸಾಮಾನ್ಯವಾಗಿ ಈ 4 ಮತ್ತು 8ನ್ನೇ ತಿಂದುಬಿಡ್ತಾರೆ. ಕಾರಣ, 3ನೇ ಹೆಜ್ಜೆಯಲ್ಲಿ ಭಾರ ಪೂರ್ತಿ ದಾಟಿರಲ್ಲ, ಕಾಲು ಸುಮ್ಮನೆ ನೆಲ ಮುಟ್ಟಿರುತ್ತೆ. ನಿಲ್ಲೋಕಾಗದೆ ಮುಂದಿನ ಹೆಜ್ಜೆಗೆ ಬೀಳ್ತೀರಿ. ಪರೀಕ್ಷೆ ಸುಲಭ: 3ರಲ್ಲಿ ಹಾಗೇ ನಿಂತು ಇನ್ನೊಂದು ಕಾಲನ್ನ ಎತ್ತಿ. ಮೈ ಓಲಾಡದೆ ಎತ್ತೋಕೆ ಬಂದರೆ ಭಾರ ದಾಟಿದೆ. 7ರಲ್ಲೂ ಹಾಗೇ.

ಹಿಂದೆ ಬೀಳೋರಿಗೆ ಕಾರಣ ಬೇರೆ: ಹೆಜ್ಜೆ ದೊಡ್ಡದು. ಮುಂದಕ್ಕೆ ಹಿಂದಕ್ಕೆ ನಿಮ್ಮ ಒಂದು ಪಾದದಷ್ಟು ಸಾಕು, ವೇಗದ ಹಾಡಿಗೆ ಅರ್ಧ ಪಾದ.

ಹಾಡಿನ ವೇಗ ಅಳೆಯಿರಿ. ನಿಮಿಷಕ್ಕೆ 20 ಸಲ "ಒಂದರಿಂದ ಎಂಟು" ಬಂದರೆ ಅದು 160 ಬೀಟ್. 25 ಸಲ ಬಂದರೆ 200. ಪಾರ್ಟಿಗಳಲ್ಲಿ ಹಾಕೋದು ಹೆಚ್ಚಾಗಿ 180ರ ಆಸುಪಾಸು, ಕೆಲವು ಇನ್ನೂ ಜೋರು. ನೀವು 150–160ರಲ್ಲಿ ಶುರು ಮಾಡಿ. ಫೋನಲ್ಲಿ ವೇಗ 0.75 ಇಟ್ಟರೆ 200ರ ಹಾಡು 150 ಆಗುತ್ತೆ.

ಎಣಿಕೆಯ 1 ಎಲ್ಲಿದೆ ಅಂತ ಹುಡುಕೋಕೆ ಹಾಡುಗಾರನ ಹಿಂದೆ ಹೋಗಬೇಡಿ. ಕಾಂಗಾ ಡ್ರಮ್ಮಿನ ಜೋಡಿ ಏಟು, "ಡುಂ-ಡುಂ" ಅಂತ ತೆರೆದ ನಾದ, ಸಾಮಾನ್ಯವಾಗಿ 4ರಲ್ಲಿ ಮತ್ತು 8ರಲ್ಲಿ ಬೀಳುತ್ತೆ. ಅದು ಮುಗಿದ ತಕ್ಷಣ 1 ಅಥವಾ 5. ಹಾಡು ಕಾವೇರಿದ ಮೇಲೆ ಕೌಬೆಲ್ (ಕೋಲಿಂದ ಬಡಿಯೋ ಲೋಹದ ಗಂಟೆ) ಬರುತ್ತಲ್ಲ, ಅದರ ಭಾರಿ ಏಟು 1, 3, 5, 7ರಲ್ಲಿ.

ರೈಟ್ ಟರ್ನ್: ಮೊದಲು ನಿಮ್ಮ ಹೆಂಡತಿ ಒಬ್ಬರೇ ಮಾಡಲಿ. ನೆಲಕ್ಕೆ ಎರಡು ಪಟ್ಟಿ ಟೇಪ್ ಅಡ್ಡಡ್ಡ ಅಂಟಿಸಿ. 5ಕ್ಕೆ ಎಡಗಾಲು ಚಿಕ್ಕದಾಗಿ ಮುಂದೆ, ಅದರ ಮುಂಗಾಲಿನ ಮೇಲೆ ಬಲಕ್ಕೆ ಅರ್ಧ ಸುತ್ತು. 6ಕ್ಕೆ ಭಾರ ಬಲಗಾಲಿಗೆ, ಉಳಿದ ಅರ್ಧ. 7ಕ್ಕೆ ಎಡಗಾಲು ಪಕ್ಕಕ್ಕೆ ತಂದು ನಿಲ್ಲೋದು. ಟೇಪಿನ ಮೇಲೇ ಮುಗಿದರೆ ಸರಿ. ಒಬ್ಬರೇ ಮಾಡುವಾಗಲೂ ದೂರ ಹೋಗ್ತಿದ್ದರೆ 5ರ ಹೆಜ್ಜೆ ದೊಡ್ಡದು. ಒಬ್ಬರೇ ಮಾಡುವಾಗ ಸರಿಯಿದ್ದು ನಿಮ್ಮ ಜೊತೆ ಮಾತ್ರ ದೂರ ಹೋದರೆ ತಪ್ಪು ನಿಮ್ಮ ಕೈಯದು, ಮುಲಾಜಿಲ್ಲದೆ ಒಪ್ಪಿಕೊಳ್ಳಿ. ಕೈ ಅವರ ನಡುನೆತ್ತಿಯ ಮೇಲೆ ಇರಬೇಕು. ಹೊರಕ್ಕೆ ಎಳೆದರೆ ಮೈ ಅದರ ಹಿಂದೆ ಹೋಗುತ್ತೆ. ನಿಮ್ಮ ಬೆರಳು ಕೆಳಮುಖ, ಅವರ ಬೆರಳು ಅದರ ಸುತ್ತ ಸಡಿಲ. ಹೆಬ್ಬೆರಳಿಂದ ಅದುಮಬೇಡಿ, ಅವರ ಮಣಿಕಟ್ಟು ತಿರುಚುತ್ತೆ. ಮುದ್ದೆ ತಿರುವಿದ ಹಾಗೆ ತಲೆ ಮೇಲೆ ಕೈ ತಿರುಗಿಸೋದೂ ಬೇಡ. ಸುತ್ತೋದು ಅವರ ಕಾಲು.

ಫಾಲೋ_ಪಕ್ಷ

ಕ್ರಾಸ್ ಬಾಡಿ ಬಗ್ಗೆ ನಾನು ಹೇಳ್ತೀನಿ. "ಅವಳು ಮುಂಚೆಯೇ ದಾಟ್ತಾಳೆ" ಅನ್ನೋದು ಪೂರ್ತಿ ಅವರ ತಪ್ಪಲ್ಲ. ನೀವು ಎರಡು ಬೇಸಿಕ್, ಒಂದು ಕ್ರಾಸ್ ಬಾಡಿ, ಮತ್ತೆ ಎರಡು ಬೇಸಿಕ್ ಅಂತ ಒಂದೇ ಸಾಲಲ್ಲಿ ಮಾಡ್ತಿದ್ದರೆ ಅವರ ಮೈ ಆ ಸಾಲನ್ನೇ ಬಾಯಿಪಾಠ ಮಾಡಿರುತ್ತೆ. ಆಗ ಅದು ಲೀಡ್-ಫಾಲೋ ಆಗಲ್ಲ, ಸ್ಕೂಲ್ ಡೇ ಡ್ಯಾನ್ಸ್ ಆಗುತ್ತೆ.

ಹೀಗೆ ಮಾಡಿ. ಬೇಸಿಕ್, ರೈಟ್ ಟರ್ನ್, ಕ್ರಾಸ್ ಬಾಡಿ, ಜೊತೆಗೆ "ನಿಲ್ಲು" ಅಂತ ನಾಲ್ಕು. ಆರು ಚೀಟಿ ಬರೆದು ಕಲಸಿ (ಬೇಸಿಕ್ ಎರಡು ಸಲ, ನಿಲ್ಲು ಎರಡು ಸಲ). ಲೀಡ್ ಮಾತ್ರ ನೋಡಿ, ಬಂದ ಕ್ರಮದಲ್ಲಿ ಮಾಡಲಿ. "ನಿಲ್ಲು" ಅಂದರೆ 4ರಲ್ಲಿ ಇಬ್ಬರೂ ನಿಂತು ಒಂದು ಎಂಟು ಸುಮ್ಮನಿರೋದು. ಫಾಲೋ ಕಾಯದೇ ಇದ್ದರೆ ಅಲ್ಲೇ ಸಿಕ್ಕಿಬೀಳ್ತಾರೆ. ಎರಡು ಹಾಡು ಹೀಗೆ ಮಾಡಿದರೆ ಊಹಿಸೋ ಚಟ ಗಣನೀಯವಾಗಿ ಇಳಿಯುತ್ತೆ. ಆಮೇಲೆ ಫಾಲೋ ಕಣ್ಣು ಮುಚ್ಚಿ ಒಂದು ಹಾಡು. ಟೀಪಾಯಿ, ಕುರ್ಚಿ ಮೊದಲೇ ಸರಿಸಿ.

ಇನ್ನು ಲೀಡ್ ಕಡೆ. 1ಕ್ಕೆ ಎಡಗಾಲು ಮುಂದೆ, 2ಕ್ಕೆ ಬಲಗಾಲು ಇದ್ದಲ್ಲೇ, 3ಕ್ಕೆ ಎಡಗಾಲನ್ನ ಹಿಂದಕ್ಕೆ ತಂದು ಮೈಯನ್ನ 90 ಡಿಗ್ರಿ ಎಡಕ್ಕೆ ತಿರುಗಿಸಿ ಅವರ ದಾರಿಯಿಂದ ಪಕ್ಕಕ್ಕೆ ಸರಿಯಬೇಕು. ಇಲ್ಲಿ ಬಹಳಷ್ಟು ಜನ ತಿರುಗ್ತಾರೆ, ಆದರೆ ಪಕ್ಕಕ್ಕೆ ಸರಿಯೋದಿಲ್ಲ. ದಾರಿ ಮುಚ್ಚಿರುತ್ತೆ, ಫಾಲೋ ನಿಮ್ಮನ್ನ ಸುತ್ತು ಹಾಕಿಕೊಂಡು ಹೋಗಬೇಕಾಗುತ್ತೆ, ಲೇಟಾಗುತ್ತೆ. ಲೇಟಾಗಬಾರದು ಅಂತ ಮುಂದಿನ ಸಲ ಬೇಗ ಹೊರಡ್ತಾರೆ. ನಿಮ್ಮ ಮೂರನೇ ತೊಂದರೆ ಬಹುಶಃ ಇಲ್ಲಿಂದಲೇ ಹುಟ್ಟಿದ್ದು.

ಅವರು 1-2-3 ಎಂದಿನ ಬೇಸಿಕ್ಕೇ: ಬಲಗಾಲು ಹಿಂದೆ, ಎಡಗಾಲು ಇದ್ದಲ್ಲೇ, ಬಲಗಾಲು ಎಡಗಾಲಿನ ಪಕ್ಕಕ್ಕೆ. ದಾಟೋದು 5-6-7ರಲ್ಲಿ, 7ರಲ್ಲಿ ಎಡಕ್ಕೆ ತಿರುಗಿ ಮುಖಾಮುಖಿ. ನಿಮ್ಮ ಬಲಗೈ ಬೆನ್ನ ಕಡೆ ಅವರ ಎಡ ಹೆಗಲ ಮೂಳೆಯ ಮೇಲೆ ಚಪ್ಪಟೆಯಾಗಿ ಇರಲಿ, ಬೆರಳು ಚುಚ್ಚಬೇಡಿ. ತಳ್ಳೋದೂ ಬೇಡ. ನಿಮ್ಮ ಎದೆ ತಿರುಗಿದರೆ ಕೈ ತಾನಾಗಿ ಹೇಳುತ್ತೆ.

ಫ್ರೇಮ್ (ಜೋಡಿಯ ಕೈ-ತೋಳಿನ ಹಿಡಿತ) ಬಗ್ಗೆ ಒಂದೇ ಮಾತು: ಇಬ್ಬರ ಮೊಣಕೈಯೂ ಪಕ್ಕೆಲುಬಿಗಿಂತ ಹಿಂದೆ ಹೋಗಬಾರದು. ನೀವು ಅಂಗೈಗೆ ಅಂಗೈ ಕೊಟ್ಟು ಒಂದು ಹೆಜ್ಜೆ ಮುಂದೆ ಬನ್ನಿ. ಅವರ ಕೈ ಮಡಚಿ ಮೈ ಅಲ್ಲೇ ಇದ್ದರೆ ಕೈ ಸೋತಿದೆ, ಲೀಡ್ ಅವರ ಮೈಗೆ ಮುಟ್ಟಲ್ಲ. ಕೈ ಮರಗಟ್ಟಿದರೆ ಸಣ್ಣ ಸೂಚನೆಗೂ ತಳ್ಳಾಡಿದ ಹಾಗಾಗುತ್ತೆ. ಇವೆರಡರ ನಡುವೆ ಹುಡುಕಬೇಕು. ಹಾಡಿಲ್ಲದೆ ನಡೆದಾಡಿಕೊಂಡು ಹುಡುಕೋದು ಸಲೀಸು.

ಚರ್ಮದ_ಅಟ್ಟೆ

ನೆಲದ ವಿಷಯ ಯಾರೂ ಹೇಳಲಿಲ್ಲ. ವಿಟ್ರಿಫೈಡ್ ಮೇಲೆ ಕಾಲುಚೀಲದಲ್ಲಿ ಮಾಡಬೇಡಿ, ಜಾರಿ ಬೀಳ್ತೀರಿ. ರಬ್ಬರ್ ಅಟ್ಟೆಯ ರನ್ನಿಂಗ್ ಶೂನಲ್ಲಂತೂ ಬೇಡವೇ ಬೇಡ: ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತೆ, ಮೈ ತಿರುಗುತ್ತೆ, ನಡುವೆ ಮಂಡಿ ಸಾಯುತ್ತೆ. ಚರ್ಮದ ಅಟ್ಟೆಯ ಹಳೇ ಆಫೀಸ್ ಶೂ ಇದ್ದರೆ ಅದೇ ಸಾಕು. ಸ್ವೇಡ್ (ಒರಟು ಮೈಯ ಮೆತ್ತನೆ ಚರ್ಮ) ಅಟ್ಟೆಯ ಡ್ಯಾನ್ಸ್ ಶೂ ತಗೊಂಡರೆ ಹೊರಗೆ ಹಾಕಬೇಡಿ, ನೀರು ತಾಗಿಸಬೇಡಿ, ನಯವಾದಾಗ ತಂತಿ ಬ್ರಷ್ಷಿಂದ ಉಜ್ಜಿ. ಧೂಳಿದ್ದರೆ ಸ್ವೇಡ್ ಕೂಡ ಜಾರುತ್ತೆ, ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲಿ. ಕೇರಂ ಪೌಡರ್ ಉದುರಿಸೋ ಐಡಿಯಾ ಬಿಟ್ಟುಬಿಡಿ, ಸುತ್ತೋಕೆ ಮಾತ್ರ ಅಲ್ಲ, ಹೆಜ್ಜೆ ಇಡೋಕೂ ಜಾರುತ್ತೆ. ತಾರಸಿಯ ಒರಟು ಸಿಮೆಂಟ್ ಮೇಲೆ ಬೇಸಿಕ್ ಸರಿ, ಟರ್ನ್ ಬೇಡ.

ಎಡಗಾಲು_ಮೊದಲು

ಎಲ್ಲರಿಗೂ ಥ್ಯಾಂಕ್ಸ್. ಎರಡು ಅನುಮಾನ. ರೈಟ್ ಟರ್ನಿಗೆ ಕೈ ಎತ್ತೋದು 3ಕ್ಕಾ 4ಕ್ಕಾ? ಇನ್ನು ಟರ್ನನ್ನೂ 150ರಲ್ಲೇ ಮಾಡಬೇಕಾ, ಇನ್ನೂ ನಿಧಾನ ಮಾಡಬಹುದಾ?

ಫಾಲೋ_ಪಕ್ಷ

3ರಲ್ಲಿ ಏಳೋಕೆ ಶುರುವಾಗಿ 4ರೊಳಗೆ ತಲೆ ಮಟ್ಟ ದಾಟಿರಬೇಕು. 5ಕ್ಕೆ ಎತ್ತಿದರೆ ಅವರಾಗಲೇ ನೇರ ಮುಂದಕ್ಕೆ ಹೆಜ್ಜೆ ಇಟ್ಟಿರ್ತಾರೆ, ಸುತ್ತು ತಡವಾಗಿ 1 ತಪ್ಪುತ್ತೆ. 1–2ಕ್ಕೇ ಎತ್ತಿದರೆ ಹಿಂದೆ ಇಟ್ಟ ಕಾಲಿನಲ್ಲೇ ತಿರುಗೋಕೆ ಹೋಗಿ ತಡವರಿಸ್ತಾರೆ.

ವೇಗದ ಬಗ್ಗೆ ಕಾಂಗಾ_ಕಿವಿ ಅವರ ಮಾತಿಗೆ ನನ್ನದೊಂದು ತಕರಾರಿದೆ. ಬೇಸಿಕ್ಕಿಗೆ ನಿಧಾನ ಒಳ್ಳೇದು, ಟರ್ನಿಗೆ ಅಲ್ಲ. ತೀರಾ ನಿಧಾನವಾದರೆ ಒಂಟಿ ಕಾಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಸಮತೋಲ ಇನ್ನೂ ಕಷ್ಟ. ಟರ್ನನ್ನ 160–170ರಲ್ಲಿ ಮಾಡಿ, ಆಗಲಿಲ್ಲ ಅಂದರೆ ಅರ್ಧ ಸುತ್ತಿಗೆ ನಿಲ್ಲಿಸಿ.

ಕಾಂಗಾ_ಕಿವಿ

ತಕರಾರು ಒಪ್ಪಿದೆ. ಟರ್ನ್ 160–170ರಲ್ಲೇ ಆಗಲಿ, ಏನೇ ಆದರೂ 140ಕ್ಕಿಂತ ಕೆಳಗೆ ಬೇಡ.

ಮುಕ್ಕಾಲು ಗಂಟೆಯ ಲೆಕ್ಕ: 10 ನಿಮಿಷ ಬಿಡಿಬಿಡಿ ಬೇಸಿಕ್, 5 ನಿಮಿಷ ಕೈ ಹಿಡಿದು ನಡಿಗೆ, 20 ನಿಮಿಷ ಆ ದಿನದ ಒಂದೇ ವಿಷಯ (ಟರ್ನ್ ಅಥವಾ ಕ್ರಾಸ್ ಬಾಡಿ, ಎರಡೂ ಅಲ್ಲ), ಕೊನೆಗೆ ಎರಡು ಮೂರು ಹಾಡು ನಿಲ್ಲಿಸದೆ. ತಪ್ಪಿದರೆ ಬೇಸಿಕ್ಕಿಗೆ ಬನ್ನಿ, ಹಾಡು ನಿಲ್ಲಿಸಬೇಡಿ. ತಾಳಕ್ಕೆ ವಾಪಸ್ ಹತ್ತೋದೂ ಪ್ರಾಕ್ಟೀಸೇ. ಫೋನನ್ನ ಸೊಂಟದ ಎತ್ತರಕ್ಕೆ, ಪಕ್ಕದಿಂದ ಕಾಣೋ ಹಾಗೆ ಇಟ್ಟು ಒಂದು ಹಾಡು ರೆಕಾರ್ಡ್ ಮಾಡಿ. ಎದುರಿಂದ ಇಟ್ಟರೆ ಹೆಜ್ಜೆಯ ಉದ್ದ ಗೊತ್ತಾಗಲ್ಲ.

ಜಗಳಕ್ಕೆ: ಹಾಡು ನಡೆಯುವಾಗ ಮಾತಿಲ್ಲ. ಮುಗಿದ ಮೇಲೆ ಒಬ್ಬರು ಒಂದೇ ವಿಷಯ ಹೇಳೋದು, ಅದೂ ತಮ್ಮ ಮೈಗೆ ಆದದ್ದು. "ನೀನು ಎಳೆದೆ" ಬದಲು "6ರಲ್ಲಿ ನನ್ನ ಭುಜ ಮೇಲೆ ಹೋಯ್ತು". ಇದರಿಂದ ಎಲ್ಲಿ, ಯಾವ ಎಣಿಕೆಯಲ್ಲಿ ಅಂತ ಸಿಗುತ್ತೆ.

ಕ್ಲಾಸಲ್ಲಿ ಜೋಡಿ ಬದಲಿಸುವಾಗ ಗಂಡ-ಹೆಂಡತಿ ಅಂತ ಒಟ್ಟಿಗೇ ಉಳಿಯಬೇಡಿ. ನಿಮ್ಮ ತಪ್ಪು ಲೀಡನ್ನ ಅವರು ಅಭ್ಯಾಸಬಲದಿಂದ ಸರಿಯಾಗಿ ಓದ್ತಾರೆ, ಬೇರೆಯವರು ಓದಲ್ಲ. ಮೂರು ಬೇರೆ ಫಾಲೋಗಳಿಗೂ ಅದೇ ಜಾಗದಲ್ಲಿ ಗೊಂದಲ ಆದರೆ ಮುಂದಿನ ವಾರದ 20 ನಿಮಿಷ ಯಾವುದಕ್ಕೆ ಅಂತ ಗೊತ್ತಾಯ್ತು.