ಇಂಗ್ಲಿಷ್‌ನಲ್ಲಿ ‘ಫೋರ್‌ಫಾದರ್ಸ್’ ಅಂತ ಈಗ ಯಾರಾದರೂ ಹೇಳ್ತಾರಾ?

ಹಳೇಮನೆ_ಕಡತ:
ನಮ್ಮ ಮನೆತನದ ವಂಶವೃಕ್ಷವನ್ನು ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದೇನೆ. ನ್ಯೂಜೆರ್ಸಿಯಲ್ಲಿ ಬೆಳೆದ ಅಣ್ಣನ ಮಕ್ಕಳಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವರಿಗೋಸ್ಕರ ಈ ಕೆಲಸ. ಉದ್ದಕ್ಕೂ ‘ಅವರ್ ಫೋರ್‌ಫಾದರ್ಸ್’ ಅಂತ ಬರೆದಿದ್ದೆ. ದೊಡ್ಡವಳು ಓದಿ “ಚಿಕ್ಕಪ್ಪಾ, ಇದು ಯಾರೋ ಅಧ್ಯಕ್ಷರ ಭಾಷಣದ ಥರ ಇದೆ” ಅಂತ ನಕ್ಕಳು. ನಾವು ಶಾಲೆಯಲ್ಲಿ ಕಲಿತದ್ದೇ ಆ ಪದ ಅಲ್ವಾ? ನಿಘಂಟು ನೋಡಿದರೆ ಆ್ಯನ್ಸೆಸ್ಟರ್, ಫೋರ್‌ಫಾದರ್, ಫೋರ್‌ಬೇರ್ ಮೂರಕ್ಕೂ ‘ಪೂರ್ವಜ’ ಅಂತಲೇ ಇದೆ. ದಿನನಿತ್ಯದ ಮಾತಿನಲ್ಲಿ ಅಲ್ಲಿನ ಜನ ಏನು ಹೇಳುತ್ತಾರೆ? ಅಲ್ಲಿ ಇರುವವರು ಯಾರಾದರೂ ತಿಳಿಸಿ.

ಬಾಸ್ಟನ್_ಬೆಣ್ಣೆದೋಸೆ:
ಹುಡುಗಿ ಹೇಳಿದ್ದು ಸರಿಯಾಗಿಯೇ ಇದೆ. ಇಲ್ಲಿ ಮನೆಮಾತಿನಲ್ಲಿ ಆ ಪದ ಕಿವಿಗೆ ಬೀಳುವುದೇ ಕಡಿಮೆ. ಬಿದ್ದರೆ ದೇಶ ಕಟ್ಟಿದವರ ಬಗ್ಗೆ, ಅದೂ ವೇದಿಕೆ ಮೇಲೆ. ನಮ್ಮಲ್ಲಿಂದ ಕಾರಿನಲ್ಲಿ ಹೋಗಿ ಬರಬಹುದಾದ ಪ್ಲಿಮತ್ ಊರಿನಲ್ಲಿ ‘ಫೋರ್‌ಫಾದರ್ಸ್’ ಹೆಸರಿನ ಒಂದು ಸ್ಮಾರಕವೇ ಇದೆ, 81 ಅಡಿ ಎತ್ತರದ ಗ್ರಾನೈಟ್, 1889ರಲ್ಲಿ ಉದ್ಘಾಟನೆಯಾದದ್ದು. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದು ನೆಲೆಸಿದವರ ನೆನಪಿಗೆ. ಅದೇ ಊರಿನಲ್ಲಿ 1769ರಿಂದ ಡಿಸೆಂಬರ್‌ನಲ್ಲಿ ‘ಫೋರ್‌ಫಾದರ್ಸ್ ಡೇ’ ಆಚರಣೆ ಶುರುವಾಯಿತು. ಹಾಗಾಗಿ ಆ ಪದಕ್ಕೆ ಇಲ್ಲಿ ಕಲ್ಲಿನ ತೂಕ ಬಂದುಬಿಟ್ಟಿದೆ, ಅದನ್ನು ತಂದು ನಿಮ್ಮ ಮುತ್ತಾತನ ತಲೆಮೇಲೆ ಇಟ್ಟರೆ ಹುಡುಗರು ನಗದೆ ಏನು ಮಾಡುತ್ತಾರೆ! ಇನ್ನು ದೇಶ ಕಟ್ಟಿದವರಿಗೆ ಹೇಳುವ ‘ಫೌಂಡಿಂಗ್ ಫಾದರ್ಸ್’ ಅನ್ನುವ ಮಾತು ಅಷ್ಟು ಹಳೆಯದೂ ಅಲ್ಲ. ಅದನ್ನು ಬಳಕೆಗೆ ತಂದದ್ದು ವಾರೆನ್ ಹಾರ್ಡಿಂಗ್, 1916ರ ರಿಪಬ್ಲಿಕನ್ ಸಮಾವೇಶದ ಭಾಷಣದ ಹೊತ್ತಿಗೆ. ಆಮೇಲೆ ಅವರೇ ಅಧ್ಯಕ್ಷರಾದರು.

ಮಾಮೂಲಿ ಮಾತಿನಲ್ಲಿ ಜನ ಪೂರ್ವಜರು ಅನ್ನುವ ಅರ್ಥದ ಯಾವ ಪದವನ್ನೂ ಜಾಸ್ತಿ ಬಳಸುವುದಿಲ್ಲ. ‘ಮೈ ಫ್ಯಾಮಿಲಿ ಕೇಮ್ ಫ್ರಮ್ ಐರ್ಲೆಂಡ್’, ‘ಮೈ ಗ್ರೇಟ್ ಗ್ರ್ಯಾಂಡ್‌ಪೇರೆಂಟ್ಸ್ ಹ್ಯಾಡ್ ಎ ಫಾರ್ಮ್’, ಅಷ್ಟೇ. ದಕ್ಷಿಣದ ರಾಜ್ಯಗಳ ಕಡೆ ಹೋದರೆ ಹಳೇ ತಲೆಮಾರಿನವರು ‘ಹೂ ಆರ್ ಯುವರ್ ಪೀಪಲ್?’ ಅಂತ ಕೇಳುವುದುಂಟು. ನಮ್ಮ ಹಳ್ಳಿಯಲ್ಲಿ ‘ನೀನು ಯಾರ ಪೈಕಿ?’ ಅಂತಾರಲ್ಲ, ಥೇಟ್ ಅದೇ.

ಕರಡು_ತಿದ್ದುವವ:
ಮೇಲಿನವರ ಮಾತಿಗೆ ಸೇರಿಸುತ್ತೇನೆ. ಮೂರರಲ್ಲಿ ಆ್ಯನ್ಸೆಸ್ಟರ್ ಒಂದೇ ಎಲ್ಲ ಕಡೆ ಸಲ್ಲುತ್ತದೆ. ಗಂಡು ಹೆಣ್ಣು ಭೇದ ಇಲ್ಲ, ಜೀವವಿಜ್ಞಾನದವರೂ ‘ಕಾಮನ್ ಆ್ಯನ್ಸೆಸ್ಟರ್’ ಅಂತಾರೆ, ವೆಬ್‌ಪೇಜ್ ಕೋಡ್ ಬರೆಯುವವರೂ ಅದನ್ನೇ ಬಳಸುತ್ತಾರೆ. ಆದರೆ ಒಂದು ಸೂಕ್ಷ್ಮ ಇದೆ. ಆ್ಯನ್ಸೆಸ್ಟರ್ ಅಂದಾಗ ಕೇಳುವವರಿಗೆ ನೀವು ಕಣ್ಣಾರೆ ನೋಡದೇ ಇದ್ದವರು, ಬಹಳ ಹಿಂದಿನವರು ಅನಿಸುತ್ತದೆ. ನಿಮ್ಮನ್ನು ಎತ್ತಿ ಆಡಿಸಿದ ಅಜ್ಜಿಯನ್ನು ‘ಮೈ ಆ್ಯನ್ಸೆಸ್ಟರ್’ ಅಂದರೆ ತಪ್ಪಲ್ಲ, ಆದರೆ ಅವರು ಶಿಲಾಯುಗದಲ್ಲಿ ಇದ್ದ ಹಾಗೆ ಕೇಳಿಸುತ್ತದೆ.

ನಮ್ಮವರು ಎಡವುವುದು ಇಲ್ಲೇ. ಕನ್ನಡದಲ್ಲಿ ‘ಹಿರಿಯರು’ ಅಂದರೆ ಮನೆಯಲ್ಲಿ ಕೂತಿರುವ ದೊಡ್ಡಪ್ಪನೂ ಹೌದು, ತೀರಿಕೊಂಡ ಮುತ್ತಜ್ಜಿಯೂ ಹೌದು. ಹಿರಿಯರನ್ನು ಕೇಳಿ ಮದುವೆ ಗೊತ್ತು ಮಾಡುತ್ತೇವೆ, ಹಿರಿಯರ ಹಬ್ಬದಲ್ಲಿ ಎಡೆ ಇಡುತ್ತೇವೆ. ಇಂಗ್ಲಿಷ್‌ನಲ್ಲಿ ಬದುಕಿರುವವರು ಎಲ್ಡರ್ಸ್, ಹೋದವರು ಆ್ಯನ್ಸೆಸ್ಟರ್ಸ್. ನಾನು ತಿದ್ದಿದ ಒಂದು ಸ್ಮರಣ ಸಂಚಿಕೆಯಲ್ಲಿ ‘ಕಾರ್ಯಕ್ರಮಕ್ಕೆ ಬಂದ ನಮ್ಮ ಆ್ಯನ್ಸೆಸ್ಟರ್‌ಗಳಿಗೆ ವಂದನೆ’ ಅಂತಿತ್ತು! ‘ಪ್ರಿಡಿಸೆಸರ್’ ಕೂಡ ಬೇಡ, ಅದು ಕುರ್ಚಿಯಲ್ಲಿ ನಿಮಗಿಂತ ಮೊದಲು ಕೂತಿದ್ದವರಿಗೆ.

ಫೋರ್‌ಬೇರ್ ಸ್ಕಾಟ್‌ಲೆಂಡ್ ಕಡೆಯಿಂದ ಬಂದ ಪದ, ಪುಸ್ತಕದ ಭಾಷೆ. ಅದರಲ್ಲಿರುವ ‘ಬೇರ್’ ಕರಡಿಯೂ ಅಲ್ಲ, ಹೆರುವುದೂ ಅಲ್ಲ. ‘ಬೀ’ ಅನ್ನುವ ಕ್ರಿಯಾಪದದಿಂದ ಆದದ್ದು, ಮೊದಲು ಇದ್ದವರು ಅಂತ ಅರ್ಥ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ‘ಫೋರ್’ ಕೊನೆಯ ‘ಇ’ ಅಕ್ಷರ ಬಿಡಬೇಡಿ, ಬಿಟ್ಟರೆ ಓದುವವರಿಗೆ ‘ತಾಳಿಕೋ, ಸುಮ್ನಿರು’ ಅನ್ನುವ ಕ್ರಿಯಾಪದ ಕಾಣುತ್ತದೆ.

ಧಾರವಾಡ_ಪೇಡಾ:
ಇಷ್ಟೆಲ್ಲ ಯಾಕ್ರೀ? ನಮ್ಮ ದೇಶದ ಇಂಗ್ಲಿಷ್‌ನಲ್ಲಿ ಫೋರ್‌ಫಾದರ್ಸ್ ಆರಾಮಾಗಿ ಓಡುತ್ತದೆ. ಪೇಪರ್‌ನಲ್ಲಿ ಬರುತ್ತದೆ, ಊರ ಜಾತ್ರೆಯ ಕರಪತ್ರದಲ್ಲೂ ಬರುತ್ತದೆ. ಅಮೆರಿಕದವರಿಗೆ ವಿಚಿತ್ರ ಅನಿಸಿದರೆ ಅನಿಸಲಿ ಬಿಡಿ, ನಮ್ಮ ಪೂರ್ವಜರನ್ನು ಏನಂತ ಕರೆಯಬೇಕು ಅನ್ನುವುದನ್ನೂ ಅವರನ್ನೇ ಕೇಳಬೇಕಾ?

ಬಾಸ್ಟನ್_ಬೆಣ್ಣೆದೋಸೆ:
ಪೇಡಾ ಅವರೇ, ನಮ್ಮಲ್ಲಿ ಓಡುತ್ತದೆ, ಒಪ್ಪಿದೆ. ಆದರೆ ಓದುವ ಮಕ್ಕಳು ನ್ಯೂಜೆರ್ಸಿಯವರು ತಾನೇ? ಅದೂ ಅಲ್ಲದೆ ಆ ಪದದಲ್ಲಿ ಇರುವುದು ಬರೀ ಅಪ್ಪಂದಿರು. ವಂಶವೃಕ್ಷದಲ್ಲಿ ಅಜ್ಜಿಯರ ಹೆಸರೇ ಸಿಗುವುದಿಲ್ಲ ಅಂತ ಎಲ್ಲರೂ ಗೋಳಾಡುತ್ತೇವೆ, ತಲೆಬರಹದಲ್ಲೂ ಅವರನ್ನು ಯಾಕೆ ಬಿಡಬೇಕು?

ಕೋರ್ಟ್_ಹಾಲ್_3:
ಒಂದು ಎಚ್ಚರಿಕೆ. ಜಮೀನಿನ ವಿಷಯ ಬರೆದಿದ್ದರೆ ‘ಆ್ಯನ್ಸೆಸ್ಟ್ರಲ್ ಪ್ರಾಪರ್ಟಿ’ ಅನ್ನುವುದನ್ನು ಚೆಂದಕ್ಕೆ ಬದಲಾಯಿಸಬೇಡಿ. ಅದು ಪಿತ್ರಾರ್ಜಿತ ಆಸ್ತಿಗೆ ಇರುವ ಕಾನೂನಿನ ಮಾತು. ಹಿಂದೂ ಕಾನೂನಿನಲ್ಲಿ ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ, ಈ ಮೂರು ತಲೆಯಿಂದ ಇಳಿದು ಬಂದ ಆಸ್ತಿಗೆ ಹಾಗಂತಾರೆ. ಮಾತಿನಲ್ಲಿ ಅಪ್ಪನನ್ನು ಯಾರೂ ಆ್ಯನ್ಸೆಸ್ಟರ್ ಅನ್ನುವುದಿಲ್ಲ, ಕೋರ್ಟಿನಲ್ಲಿ ಅಪ್ಪನೂ ಆ ಲೆಕ್ಕಕ್ಕೆ ಬರುತ್ತಾನೆ. ಅಜ್ಜ ಸ್ವಂತ ದುಡಿದು ಕೊಂಡ ಸೈಟನ್ನು ಹಾಗೆ ಬರೆದರೆ ನಾಳೆ ಆ ಕಾಗದ ಹಿಡಿದುಕೊಂಡು ಯಾರಾದರೂ ಬಂದಾರು.

ಹಳೇಮನೆ_ಕಡತ:
ಅಯ್ಯೋ, ಜಮೀನಿನ ಪ್ಯಾರಾ ಪೂರ್ತಿ ತೆಗೆದೇಬಿಡುತ್ತೇನೆ! ತಲೆಬರಹಕ್ಕೆ ‘ಅವರ್ ಆ್ಯನ್ಸೆಸ್ಟರ್ಸ್’, ಒಳಗೆ ಹೆಸರು, ಸಂಬಂಧ ಅಷ್ಟೇ. ಇನ್ನೊಂದು ಕೇಳಬೇಕಿತ್ತು. ತಾತನ ತಾತನಿಗೆ ಎಷ್ಟು ‘ಗ್ರೇಟ್’ ಹಾಕಬೇಕು? ತೀರಿಕೊಂಡ ಎಲ್ಲರ ಹೆಸರಿನ ಹಿಂದೆಯೂ ‘ಲೇಟ್’ ಹಾಕಿದ್ದೇನೆ, ಅದು ಇರಲಾ?

ಕರಡು_ತಿದ್ದುವವ:
ತಾತನಿಗೆ ಗ್ರೇಟ್ ಇಲ್ಲ, ಮುತ್ತಾತನಿಗೆ ಒಂದು, ತಾತನ ತಾತನಿಗೆ ಎರಡು. ‘ಲೇಟ್’ ಇತ್ತೀಚೆಗೆ ತೀರಿಕೊಂಡವರಿಗೆ ಮಾತ್ರ ಇರಲಿ. 1850ರ ಸುಮಾರಿಗೆ ಹುಟ್ಟಿದವರು ಈಗಿಲ್ಲ ಅಂತ ನ್ಯೂಜೆರ್ಸಿಯ ಮಕ್ಕಳಿಗೂ ಗೊತ್ತಾಗುತ್ತದೆ.