ಏರುದಾರಿಯಲ್ಲಿ ಆಫ್ ಆಗುವ ಹಳೇ ಟಾಟಾ ಮರ್ಸಿಡಿಸ್: ಡೀಸೆಲ್ ಪೈಪ್ ಪೂರ್ತಿ ಬದಲಿಸಬೇಕಾ?

ಮಾದಾಪುರ ತೋಟ:
ಎಲ್ಲರಿಗೂ ನಮಸ್ಕಾರ. ತೋಟದಲ್ಲಿ ಹಳೇ ಟಾಟಾ ಮರ್ಸಿಡಿಸ್ ಲಾರಿ ಇದೆ. 1969ಕ್ಕೆ ಮೊದಲಿನದು, ಮುಂದೆ ನಕ್ಷತ್ರದ ಗುರುತು ಇನ್ನೂ ಹಾಗೇ ಇದೆ. ಕಾಫಿ ಮೂಟೆ ಹೇರಿಕೊಂಡು ಕುಶಾಲನಗರಕ್ಕೆ ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಆನೆಕಾಡು ದಾಟಿ ಏರು ಶುರುವಾದರೆ ಪಿಕಪ್ ಬಿದ್ದು ಆಫ್ ಆಗುತ್ತದೆ. ಹ್ಯಾಂಡ್ ಪಂಪ್ ಒತ್ತಿ ಡೀಸೆಲ್ ಪೈಪಿಗೆ ಸೇರಿದ ಏರ್ (ಗಾಳಿ) ತೆಗೆದರೆ ಇನ್ನೊಂದಿಷ್ಟು ದೂರ ಬರುತ್ತದೆ. ಟ್ಯಾಂಕ್ ಫುಲ್ ಇದ್ದರೆ ಮಾತ್ರ ನೆಟ್ಟಗೆ ಮನೆ ಸೇರುತ್ತದೆ. ಫಿಲ್ಟರ್ ಹೊಸದು. ಕೆಳಗೆ ಎಲ್ಲೂ ಡೀಸೆಲ್ ತೊಟ್ಟಿಕ್ಕುವುದಿಲ್ಲ. ಪೂರ್ತಿ ತಾಮ್ರದ ಪೈಪ್ ಹಾಕಿಬಿಡಿ ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. ಸರಿನಾ?

ಮಡಿಕೇರಿ ಡೀಸೆಲ್:
ಸರ್, ಪೈಪಿಗೆ ದುಡ್ಡು ಹಾಕುವ ಮುಂಚೆ ಏರ್ ಎಲ್ಲಿಂದ ಬರ್ತಿದೆ ನೋಡಿ. ಟ್ಯಾಂಕಿನಿಂದ ಇಂಜಿನ್ ಪಕ್ಕದ ಫೀಡ್ ಪಂಪ್‌ವರೆಗೆ ಡೀಸೆಲನ್ನು ಆ ಪಂಪೇ ಎಳೆದುಕೊಳ್ಳುತ್ತದೆ. ಆ ಭಾಗದಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ತೊಟ್ಟಿಕ್ಕುತ್ತಿಲ್ಲ ಅಂದ ಮಾತ್ರಕ್ಕೆ ಪೈಪ್ ಚೆನ್ನಾಗಿದೆ ಅಂತಲ್ಲ.

ಸುಲಭದ ಪರೀಕ್ಷೆ ಇದು. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಇಂಜಿನ್ ಪಕ್ಕ ಇಡಿ. ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಆ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕೊಟ್ಟು ಕ್ಯಾನಿನಿಂದಲೇ ಓಡಿಸಿ, ಚೆನ್ನಾಗಿ ರೇಸ್ ಮಾಡಿ. ಆಫ್ ಆಗದಿದ್ದರೆ ತೊಂದರೆ ಟ್ಯಾಂಕ್ ಕಡೆಯದು. ಆಗಲೂ ಗುಳ್ಳೆ ಬಂದು ನಿಂತರೆ ಫೀಡ್ ಪಂಪ್ ಕಡೆ ನೋಡಬೇಕು. ಹ್ಯಾಂಡ್ ಪಂಪಿನ ಒತ್ತುವ ಹಿಡಿ ಪೂರ್ತಿ ತಿರುಗಿಸಿ ಕೂರಿಸದಿದ್ದರೂ ಅಲ್ಲಿಂದಲೇ ಗಾಳಿ ಎಳೆಯುತ್ತದೆ, ಮೊದಲು ಅದನ್ನು ನೋಡಿ.

ಸುಳ್ಯದ ಲಾರಿ:
ತಾಮ್ರ ಬೇಡ ಮಾರಾಯ್ರೆ. ಲಾರಿಯ ಅದುರಾಟಕ್ಕೆ ತಾಮ್ರ ಗಡುಸಾಗಿ ನಟ್‌ನ ಬುಡದಲ್ಲೇ ಸೀಳು ಬಿಡ್ತದೆ. ಡೀಸೆಲಿಗೂ ತಾಮ್ರಕ್ಕೂ ಆಗಿಬರುವುದಿಲ್ಲ, ಅಂಟಂಟು ಕೂರ್ತದೆ. ಸ್ಟೀಲ್ ಪೈಪೇ ಹಾಕಿ. ಅಳತೆಗೆ ಹಳೇ ಪೈಪನ್ನೇ ತಗೊಂಡು ಹೋಗಿ, ನಟ್ ಸಹಿತ.

ಮಾದಾಪುರ ತೋಟ:
ಕ್ಯಾನಿನಿಂದ ಓಡಿಸಿದೆ. ಒಂದು ಗುಳ್ಳೆಯೂ ಇಲ್ಲ, ಬಂಗಾರದಂತೆ ಓಡಿತು. ಅಂದರೆ ಟ್ಯಾಂಕ್ ಕಡೆ. ಫುಲ್ ಟ್ಯಾಂಕಿಗೆ ಯಾಕೆ ಸರಿ ಇರುತ್ತದೆ ಅಂತ ಮಾತ್ರ ತಿಳಿಯಲಿಲ್ಲ.

ಮಡಿಕೇರಿ ಡೀಸೆಲ್:
ಅದರಲ್ಲೇ ಸುಳಿವಿದೆ ಸರ್. ಎರಡು ಕಡೆ ಅನುಮಾನ. ಒಂದು, ಟ್ಯಾಂಕಿನೊಳಗೆ ಇಳಿದಿರುವ ಪೈಪ್. ಅದರ ಮೇಲ್ಭಾಗದಲ್ಲಿ ತೂತಿದ್ದರೆ ಟ್ಯಾಂಕ್ ತುಂಬಿದಾಗ ಅದು ಡೀಸೆಲಿನಲ್ಲಿ ಮುಳುಗಿರುತ್ತದೆ. ಮಟ್ಟ ಇಳಿದ ಮೇಲೆ ಗಾಳಿ ಎಳೆಯುತ್ತದೆ. ಇನ್ನೊಂದು, ಚಾಸಿ ಮೇಲೆ ಓಡುವ ಪೈಪ್. ಟ್ಯಾಂಕಿನ ಮಟ್ಟ ಅದಕ್ಕಿಂತ ಮೇಲಿದ್ದರೆ ತೂತಿನಿಂದ ಡೀಸೆಲ್ ಸ್ವಲ್ಪ ಹೊರಗೆ ಜಿನುಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಹಾಗಾಗಿ ಟ್ಯಾಂಕ್ ತುಂಬಿಸಿ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಟಾರ್ಚ್ ಹಿಡಿದು ಪ್ರತಿ ಕ್ಲಿಪ್ ಬುಡ ನೋಡಿ. ಡೀಸೆಲ್ ತಾಗಿದ ಕೆಸರು ಒಣಗಿದ ಕೆಸರಿಗಿಂತ ಕಪ್ಪಗೆ, ಮೆತ್ತಗೆ ಇರುತ್ತದೆ.

ಮಾದಾಪುರ ತೋಟ:
ಸಿಕ್ಕಿತು! ಗೇರ್‌ಬಾಕ್ಸ್ ಹತ್ತಿರದ ಕ್ಲಿಪ್. ಮಳೆಗಾಲದ ಕೆಂಪು ಮಣ್ಣು ಕ್ಲಿಪ್ ಒಳಗೆ ಗಟ್ಟಿಯಾಗಿ ಕೂತಿತ್ತು. ಅದರ ಅಂಚಿನಲ್ಲಿ ಮಾತ್ರ ಬೆರಳಗಲ ಕಪ್ಪು ಮಣ್ಣು. ಕ್ಲಿಪ್ ತೆಗೆದು ಉಜ್ಜಿದರೆ ಕೆಳಗಿನ ತುಕ್ಕು ಪದರ ಪದರವಾಗಿ ಎದ್ದು ಬಂತು. ಟ್ಯಾಂಕ್ ಕಡೆಯ ತುದಿ ಮುಚ್ಚಿ, ಇನ್ನೊಂದು ಕಡೆಯಿಂದ ಸೈಕಲ್ ಪಂಪಿನಲ್ಲಿ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿದೆ. ಸೂಜಿ ಮೊನೆಯಷ್ಟು ತೂತಿನಿಂದ ನೊರೆ ಬಂತು. ಬೆಸುಗೆ ಹಾಕಿಸಲಾ, ಪೂರ್ತಿ ಬದಲಿಸಲಾ?

ಸುಳ್ಯದ ಲಾರಿ:
ಒಂದು ಕ್ಲಿಪ್ ಕೆಳಗೆ ಹೀಗಾಗಿದ್ದರೆ ಉಳಿದವೂ ಅದೇ ದಾರಿ. ಇಡೀ ಪೈಪ್ ಬದಲಿಸಿ. ಬಗ್ಗಿಸುವಾಗ ಕೆಲವರು ಒಳಗೆ ಮರಳು ತುಂಬುತ್ತಾರೆ. ಬೇಡವೇ ಬೇಡ, ಒಂದು ಕಾಳು ಉಳಿದರೂ ಪಂಪ್ ಹೋಯ್ತು. ಪೈಪ್ ಬೆಂಡರ್‌ನಲ್ಲೇ ಬಗ್ಗಿಸಲಿ. ಸೈಲೆನ್ಸರಿನಿಂದ ದೂರ ಇರಲಿ.

ಮಡಿಕೇರಿ ಡೀಸೆಲ್:
ಒಪ್ಪಿದೆ. ಜೋಡಿಸುವ ಮುಂಚೆ ಏರ್ ಹೊಡೆದು, ಡೀಸೆಲ್ ಹಾಯಿಸಿ ತೊಳೆಯಿರಿ. ಬ್ಯಾಂಜೋ ಬೋಲ್ಟಿನ (ಪೈಪ್ ತುದಿಯ ಬಳೆಯನ್ನು ಬಿಗಿಯುವ, ಒಳಗೆ ತೂತಿರುವ ಬೋಲ್ಟ್) ಎರಡೂ ಕಡೆಯ ತಾಮ್ರದ ವಾಷರ್ ಹೊಸದು ಹಾಕಿ, ಹಳೇದನ್ನು ತಿರುವಿ ಹಾಕಬೇಡಿ. ಚಾಸಿಯಿಂದ ಇಂಜಿನ್‌ಗೆ ದಾಟುವ ಕಡೆ ಸ್ಟೀಲ್ ನಿಲ್ಲುವುದಿಲ್ಲ, ಇಂಜಿನ್ ಅಲ್ಲಾಡುತ್ತದಲ್ವಾ. ಅಷ್ಟಕ್ಕೆ ಡೀಸೆಲ್ ತಡೆಯುವ ಹೋಸ್ ಬೇಕು. ರೇಡಿಯೇಟರ್ ಹೋಸ್ ಕತ್ತರಿಸಿ ಹಾಕಿದರೆ ಉಬ್ಬಿ ಕೊಳೆಯುತ್ತದೆ.

ಏರ್ ತೆಗೆಯುವಾಗ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ. ನೊರೆ ನಿಂತು ಬರೀ ಡೀಸೆಲ್ ಬರುವವರೆಗೂ ಹ್ಯಾಂಡ್ ಪಂಪ್ ಒತ್ತಿ, ಹರಿಯುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಮೇನ್ ಪಂಪಿನ (ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಪಂಪ್) ಸ್ಕ್ರೂ, ಅದೇ ರೀತಿ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿ ಇಳಿಯುತ್ತದೆ ಅಷ್ಟೇ.

ಮಾದಾಪುರ ತೋಟ:
ಸ್ಟೀಲ್ ಪೈಪ್ ಹಾಕಿಸಿದೆ. ಬೇಕಂತಲೇ ಅರ್ಧ ಟ್ಯಾಂಕ್‌ಗಿಂತ ಕಡಿಮೆ ಡೀಸೆಲಿನಲ್ಲಿ, ಗೊಬ್ಬರದ ಲೋಡ್ ಹೇರಿಕೊಂಡು ಕುಶಾಲನಗರದಿಂದ ಬಂದೆ. ಎಲ್ಲೂ ನಿಲ್ಲಲಿಲ್ಲ. ಹೊಸ ಕ್ಲಿಪ್ ಒಳಗೆ ಮಣ್ಣು ಕೂರದಂತೆ ಏನಾದರೂ ಮಾಡಬಹುದಾ ಅಣ್ಣಾ?

ಸುಳ್ಯದ ಲಾರಿ:
ಮಣ್ಣು ಕೂತೇ ಕೂರ್ತದೆ. ಕ್ಲಿಪ್ ಒಳಗೆ ರಬ್ಬರ್ ತುಂಡು ಕೊಡಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವುದು ತಪ್ಪುತ್ತದೆ. ಮಳೆಗಾಲ ಮುಗಿದ ಮೇಲೆ ಕ್ಲಿಪ್ ಬಿಚ್ಚಿ ತೊಳೆದು ಗ್ರೀಸ್ ಸವರಿ. ಗ್ರೀಸ್ ರಬ್ಬರಿಗೆ ತಾಗದ ಹಾಗೆ ನೋಡ್ಕೊಳ್ಳಿ.